ಪುಣೆಗೆ ಬಂದಿಳಿದ ಕನ್ನಡಿಗರಿಗೆ ಕೆರೆ ದಂಡೆಯ ನಾಲ್ಕು ಮಾತು

ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಸ್ವಾರಗೇಟಿನಲ್ಲಿ ಇಳಿದಿರಾ? ಹಾಗಾದರೆ ನೀವು ಕೆರೆಯಲ್ಲಿ ಹತ್ತಿ ಕೆರೆ ಪಕ್ಕದಲ್ಲೇ ಇಳಿದಿದ್ದೀರಿ. ಮೆಜೆಸ್ಟಿಕ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಇಲ್ಲಿ ಸ್ವಾರಗೇಟಿನಿಂದ ಸ್ವಲ್ಪ ನಡೆದರೆ ಸಿಗುವ ಸಾರಸಬಾಗ್ ಕೂಡ ಪೇಶ್ವೆಗಳ ಕಾಲದ ಕೆರೆಯೇ. ಅದರ ನಡುಗಡ್ಡೆಯಲ್ಲಿ 1784ರಲ್ಲಿ ಸವಾಯಿ ಮಾಧವರಾವ್ ಗಣಪತಿಯನ್ನು ಕೂರಿಸಿದ. ನೀರು ಹೋಗಿ ಉದ್ಯಾನ ಬಂತು, ಗುಡಿ ಸುತ್ತ ಒಂದು ತಾವರೆ ಕೊಳ ಉಳಿಯಿತು. ಹಳೇ ಪುಣೇಕರರು ಮಾತ್ರ ಇವತ್ತಿಗೂ ಅವನನ್ನು 'ತಳ್ಯಾತಲಾ ಗಣಪತಿ' ಅಂತಲೇ ಕರೆಯುತ್ತಾರೆ. ಕೆರೆಯೊಳಗಿನ ಗಣಪ!

ಸುಮ್ನೆ ಕೂರೋಕೆ ಖಡಕ್‌ವಾಸಲಾ ಅಣೆಕಟ್ಟಿನ ಕೆರೆಗೆ ಹೋಗಿ. ಭಾನುವಾರ ಸಂಜೆ ಮಾತ್ರ ಬೇಡ. ಒಮ್ಮೆ ನೆಂಟರನ್ನು ಕರೆದುಕೊಂಡು ಹೊರಟು ಸಿಂಹಗಡ ರಸ್ತೆಯ ಟ್ರಾಫಿಕ್ಕಿನಲ್ಲೇ ಕತ್ತಲಾಯಿತು, ನೀರು ಕಣ್ಣಿಗೆ ಬೀಳಲೇ ಇಲ್ಲ. ವಾರದ ನಡುವೆ ಬೆಳಿಗ್ಗೆ ಸ್ವಾರಗೇಟಿನಿಂದ ಸಿಂಹಗಡದ ಬಸ್ ಹಿಡಿಯಿರಿ. ದಂಡೆಯಲ್ಲಿ ಕೂತ ಅಜ್ಜಿ ಒಂದು ಕೈಲಿ ಬೀಸಣಿಗೆ ಆಡಿಸುತ್ತಾ ಇನ್ನೊಂದು ಕೈಲಿ ಕೆಂಡದ ಮೇಲೆ 'ಕಣೀಸ್' ತಿರುಗಿಸುತ್ತಿರುತ್ತಾಳೆ, ಅಂದರೆ ನಮ್ಮ ಮುಸುಕಿನ ಜೋಳದ ತೆನೆ. ಕಾಳು ಚಟಪಟ ಅನ್ನುತ್ತಲೇ ನಿಂಬೆ ಹೋಳನ್ನು ಉಪ್ಪು ಖಾರದಲ್ಲಿ ಅದ್ದಿ ಗಸಗಸ ಉಜ್ಜಿ ಕೊಡುತ್ತಾಳೆ. ನೀರಿಗೆ ಇಳಿಯಬೇಡಿ, ದಡ ಜಾರುತ್ತೆ.

ನಗರದ ಹೆಚ್ಚಿನ ನಲ್ಲಿಗಳಿಗೆ ನೀರು ಹೋಗುವುದು ಇಲ್ಲಿಂದಲೇ. 1961ರ ಜುಲೈ 12ರಂದು ಮೇಲಿನ ಪಾನಶೆತ್ ಅಣೆಕಟ್ಟು ಒಡೆಯಿತು. ಆ ಹೊಡೆತಕ್ಕೆ ಇದೂ ಒಡೆದು ನದಿ ಪಕ್ಕದ ಪೇಠೆಗಳು ಮುಳುಗಿದವು. ಶನಿವಾರ ಪೇಠೆಯ ಕಡೆ ಹಳೇ ವಾಡೆಗಳ (ತೊಟ್ಟಿಮನೆಗಳ) ನಡುವೆ ಇದ್ದಕ್ಕಿದ್ದಂತೆ ಕಾಂಕ್ರೀಟ್ ಕಟ್ಟಡ ಕಂಡರೆ ಅಲ್ಲಿನ ಹಿರಿಯರನ್ನು ಕೇಳಿ ನೋಡಿ. ಎಷ್ಟೋ ಸಲ ಮಾತು ಆ ಪ್ರವಾಹಕ್ಕೇ ಬಂದು ನಿಲ್ಲುತ್ತೆ.

ನನಗೆ ಜಾಸ್ತಿ ಇಷ್ಟವಾದ ಕಥೆ ಕಾತ್ರಜ್‌ನದು. ಬೆಂಗಳೂರಿನ ದಾರಿಯಲ್ಲೇ ಸಿಗುವ ಊರು ಅದು. ಅಲ್ಲಿನ ಕೆರೆ ನಾನಾಸಾಹೇಬ ಪೇಶ್ವೆಯ ಕಾಲದ್ದು, 1749ರ ಸುಮಾರಿನದು. ನೆಲದಡಿಯ ಕಲ್ಲು-ಗಾರೆ ಕಾಲುವೆಯಲ್ಲಿ ನೀರು ಪೇಶ್ವೆಗಳ ಅರಮನೆ ಶನಿವಾರವಾಡೆಯವರೆಗೆ ಹರಿಯುತ್ತಿತ್ತು. ಪಂಪ್ ಇಲ್ಲ, ಬರೀ ಇಳಿಜಾರು. ದಾರಿಯುದ್ದಕ್ಕೂ ಪೇಠೆ ಪೇಠೆಗೂ ನೀರಿನ ತೊಟ್ಟಿ. ಅದಕ್ಕೆ ಇಲ್ಲಿ 'ಹೌದ್' ಅಂತಾರೆ. ಹೊಸದರಲ್ಲಿ ಒಬ್ಬರು ದಾರಿ ಹೇಳುತ್ತಾ "ಪುಢೇ ಹೌದ್" ಅಂದರು, ಅಂದರೆ ಮುಂದೆ ತೊಟ್ಟಿ ಇದೆ ಅಂತ. ನಾನೂ "ಹೌದು ಹೌದು" ಅಂತ ತಲೆಯಾಡಿಸಿ ತೊಟ್ಟಿ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಇನ್ನು ಬಾಡಿಗೆ ಮನೆ. 'ಲೇಕ್ ವ್ಯೂ' ಅಂದರೆ ಬೇಸಿಗೆಯಲ್ಲಿ, ಸಂಜೆ ಆರೂವರೆಗೆ ಹೋಗಿ ನೋಡಿ. ನಾನು ಆಗಸ್ಟಿನಲ್ಲಿ ನೋಡಿದ್ದೆ. ಕೆರೆ ತುಂಬಿ ತುಳುಕುತ್ತಿತ್ತು, ಅಲ್ಲೇ ನಿಂತು ಅಡ್ವಾನ್ಸ್ ಕೊಟ್ಟೆ. ಮಾರ್ಚ್ ಹೊತ್ತಿಗೆ ನೀರು ಕಾಣದಷ್ಟು ಅಂತರಗಂಗೆ, ಕಿಟಕಿ ತುಂಬಾ ಸೊಳ್ಳೆ. ವ್ಯೂಗೆಂದು ತಿಂಗಳಿಗೆ ಎರಡು ಸಾವಿರ ಜಾಸ್ತಿ ಕೊಡುತ್ತಿದ್ದೆ, ಅಲ್ವಾ? ಕರಾರು ಮುಗಿಯುವವರೆಗೂ ಆ ಬಾಲ್ಕನಿ ಬಾಗಿಲು ತೆಗೆಯಲಿಲ್ಲ.