ಹೃದಯ ಮತ್ತೆ ಮಿಡಿದ ಮೇಲೆ ಮೈಬಿಸಿ ಕಾಯುವುದು ಹೇಗೆ?

ನಿಂತುಹೋದ ಹೃದಯ ಸಿಪಿಆರ್ (ಎದೆಯನ್ನು ಒತ್ತಿ ರಕ್ತ ಹರಿಸುವ ತುರ್ತು ಚಿಕಿತ್ಸೆ) ಮತ್ತು ವಿದ್ಯುತ್ ಶಾಕ್‌ ನೆರವಿನಿಂದ ಮತ್ತೆ ಬಡಿಯತೊಡಗಿದೊಡನೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ರೋಗಿ ಕಣ್ಣು ತೆರೆಯದೆ, ‘ಕೈ ಎತ್ತಿ’ ಎಂದರೆ ಎತ್ತದೆ ಮಲಗಿದ್ದರೆ ಐಸಿಯುವಿನಲ್ಲಿ ಇನ್ನೊಂದು ಹೋರಾಟ ಆಗಷ್ಟೇ ಶುರುವಾಗಿರುತ್ತದೆ. ಅದು ಮಿದುಳನ್ನು ಉಳಿಸಿಕೊಳ್ಳುವ ಹೋರಾಟ.

ರಕ್ತ ಪೂರೈಕೆ ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿನ ಜೀವಕೋಶಗಳ ಶಕ್ತಿ ಬರಿದಾಗುತ್ತದೆ. ರಕ್ತ ಮತ್ತೆ ಹರಿಯತೊಡಗಿದರೂ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಊತ, ಉರಿಯೂತ, ಕೋಶದೊಳಗೆ ನುಗ್ಗುವ ಕ್ಯಾಲ್ಸಿಯಂ ಇವೆಲ್ಲ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮಿದುಳನ್ನು ಕಾಡುತ್ತವೆ. ಇದೇ ಹೊತ್ತಿನಲ್ಲಿ ಜ್ವರವೂ ಬಂದರೆ, ಮೊದಲೇ ಬಳಲಿರುವ ಕೋಶಗಳು ಇನ್ನಷ್ಟು ಆಮ್ಲಜನಕ ಬೇಡತೊಡಗುತ್ತವೆ. ಮೈಬಿಸಿಯನ್ನು ಹಿಡಿತದಲ್ಲಿಡುವುದು ಇದಕ್ಕಾಗಿಯೇ.

ಎಷ್ಟು ತಂಪು ಬೇಕು?

ಈ ಪ್ರಶ್ನೆಗೆ ಉತ್ತರ ಎರಡು ದಶಕಗಳಲ್ಲಿ ಬಹಳ ಬದಲಾಗಿದೆ. 2002ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದಿಂದ ಬಂದ ಎರಡು ಅಧ್ಯಯನಗಳು, ದೇಹವನ್ನು 33 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿಗೆ ಇಳಿಸಿದರೆ ಹೆಚ್ಚು ಮಂದಿಯ ಮಿದುಳು ಚೇತರಿಸಿಕೊಳ್ಳುತ್ತದೆ ಎಂದವು. ಜಗತ್ತಿನೆಲ್ಲೆಡೆ ಐಸಿಯುಗಳು ಆ ದಾರಿ ಹಿಡಿದವು. 2013ರ ದೊಡ್ಡ ಅಧ್ಯಯನ 33 ಮತ್ತು 36 ಡಿಗ್ರಿಗಳನ್ನು ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಸುಮಾರು 1,900 ರೋಗಿಗಳನ್ನು ಒಳಗೊಂಡ ಅಧ್ಯಯನ, 33 ಡಿಗ್ರಿಗೆ ತಂಪಾಗಿಸುವುದನ್ನೂ ಜ್ವರ ಏರದಂತೆ ತಡೆಯುವುದನ್ನಷ್ಟೇ ಮಾಡುವುದನ್ನೂ ಅಕ್ಕಪಕ್ಕ ಇಟ್ಟು ನೋಡಿತು. ಆರು ತಿಂಗಳಲ್ಲಿ ಮೃತಪಟ್ಟವರು ತಂಪಾಗಿಸಿದ ಗುಂಪಿನಲ್ಲಿ ಶೇ 50, ಇನ್ನೊಂದರಲ್ಲಿ ಶೇ 48. ರಕ್ತದೊತ್ತಡವನ್ನೇ ಕುಸಿಯುವಂತೆ ಮಾಡುವ ಹೃದಯಬಡಿತದ ಏರುಪೇರು ಮಾತ್ರ ತಂಪಾಗಿಸಿದವರಲ್ಲೇ ಹೆಚ್ಚು.

ಹಾಗೆಂದು ‘ಏನೂ ಮಾಡಬೇಕಿಲ್ಲ’ ಎಂದು ತಿಳಿದರೆ ಅದು ಅಪಾಯದ ಓದು. ಅದೇ ಅಧ್ಯಯನದಲ್ಲಿ ಜ್ವರ ತಡೆಯುವ ಗುಂಪಿನ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ತಂಪಾಗಿಸುವ ಯಂತ್ರವನ್ನೇ ಹಚ್ಚಬೇಕಾಯಿತು. ಕೈಬಿಟ್ಟಿದ್ದು ಅತಿಯಾದ ತಂಪನ್ನು ಮಾತ್ರ, ಕಾವಲನ್ನಲ್ಲ. ಯುರೋಪಿನ ಈಗಿನ ಮಾರ್ಗಸೂಚಿ, ಪ್ರಜ್ಞೆ ಬಾರದ ರೋಗಿಯ ಮೈಬಿಸಿ 37.5 ಡಿಗ್ರಿ, ಅಂದರೆ 99.5 ಫ್ಯಾರನ್‌ಹೀಟ್‌ ದಾಟದಂತೆ 36ರಿಂದ 72 ಗಂಟೆ ನೋಡಿಕೊಳ್ಳಿ ಎನ್ನುತ್ತದೆ. ಅಮೆರಿಕದ್ದು 32ರಿಂದ 37.5ರ ನಡುವೆ ಒಂದು ಅಂಕಿಯನ್ನು ಆರಿಸಿ, ಅದರಲ್ಲೇ ಸ್ಥಿರವಾಗಿರಿ ಎನ್ನುತ್ತದೆ.

ಹಂತ 1: ಯಾರಿಗೆ ಎಂದು ತೀರ್ಮಾನಿಸಿ

ಹೃದಯ ಬಡಿತ ಮರಳಿದ ಮೇಲೂ ಹೇಳಿದ ಮಾತಿಗೆ ಸ್ಪಂದಿಸದ ವಯಸ್ಕರಿಗೆ ಮೈಬಿಸಿಯ ಈ ಕಾವಲು ಬೇಕು. ಎಚ್ಚರಗೊಂಡು ಮಾತಾಡುತ್ತಿರುವವರಿಗೆ ಬೇಕಿಲ್ಲ. ಹುಟ್ಟುವಾಗ ಉಸಿರುಗಟ್ಟಿದ ಶಿಶುಗಳಿಗೆ ಕೊಡುವ ತಂಪು ಚಿಕಿತ್ಸೆಯ ಲೆಕ್ಕವೇ ಬೇರೆ. ಎರಡನ್ನೂ ಬೆರೆಸಬಾರದು.

ಹಂತ 2: ಒಳಗಿನ ಬಿಸಿ ಅಳೆಯಿರಿ

ಕಂಕುಳಿನ ಥರ್ಮಾಮೀಟರ್ ಇಲ್ಲಿ ಸಾಲದು. ಚರ್ಮ ತಣ್ಣಗಿದ್ದು ಒಳಗೆ ಜ್ವರ ಏರುತ್ತಿರಬಹುದು. ತುದಿಯಲ್ಲಿ ಬಿಸಿ ಗ್ರಹಿಸುವ ಸಂವೇದಕವಿರುವ ತೆಳ್ಳನೆಯ ತಂತಿಯನ್ನು ಅನ್ನನಾಳದ ಕೆಳಭಾಗಕ್ಕೆ, ಹೃದಯದ ಹಿಂಬದಿಗೆ ಬರುವಂತೆ ಇಳಿಸುವುದು ಒಳ್ಳೆಯ ವಿಧಾನ. ಮೂತ್ರಕೋಶಕ್ಕೆ ಹಾಕುವ ಕ್ಯಾತಿಟರ್‌ನಲ್ಲೂ (ತೆಳು ಕೊಳವೆ) ಅಳೆಯಬಹುದು, ಆದರೆ ಮೂತ್ರ ಕಡಿಮೆಯಾದರೆ ಆ ಅಂಕಿಯನ್ನು ನಂಬುವಂತಿಲ್ಲ. ಅಳತೆ ಬಿಡುವಿಲ್ಲದೆ ನಡೆಯಬೇಕು. ನಾಲ್ಕು ಗಂಟೆಗೊಮ್ಮೆ ಚಾರ್ಟ್‌ನಲ್ಲಿ ಬರೆದರೆ ನಡುವೆ ಏರಿ ಇಳಿದ ಜ್ವರ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಂತ 3: ಸರಳವಾದದ್ದರಿಂದ ಆರಂಭಿಸಿ

ಹೊದಿಕೆ ತೆಗೆಯಿರಿ, ಕೋಣೆಯ ಬಿಸಿ ಇಳಿಸಿ, ಪ್ಯಾರಾಸಿಟಮಾಲ್ ಕೊಡಿ. ಮೈಬಿಸಿ ಆದರೂ ಏರುತ್ತಿದ್ದರೆ ತಣ್ಣೀರು ಹರಿಯುವ ಹೊದಿಕೆ, ಮೈಗೆ ಅಂಟುವ ಜೆಲ್ ಪ್ಯಾಡ್ ಅಥವಾ ರಕ್ತನಾಳದೊಳಗೆ ಇಡುವ ತಂಪು ಕ್ಯಾತಿಟರ್ ಇವೆ. ಒಳಗಿನ ಬಿಸಿ ನೋಡಿಕೊಂಡು ನೀರಿನ ತಂಪನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರ ಇದ್ದರೆ ಉತ್ತಮ. ಯಂತ್ರ ಇಲ್ಲದ ಕಡೆ ಒದ್ದೆ ಬಟ್ಟೆ, ಫ್ಯಾನ್, ಕುತ್ತಿಗೆ ಹಾಗೂ ತೊಡೆಸಂದಿಗೆ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಕೆಲಸ ಮಾಡುತ್ತವೆ. ಇವಕ್ಕೆ ಕಾಯುವ ಕೈಗಳು ಹೆಚ್ಚು ಬೇಕು, ತಂಪು ಮಿತಿ ಮೀರುವ ಭಯವೂ ಇದೆ.

ಆಸ್ಪತ್ರೆ ತಲುಪುವ ಮೊದಲೇ, ಆಂಬುಲೆನ್ಸ್‌ನಲ್ಲಿ ತಣ್ಣನೆಯ ಸಲೈನ್ ವೇಗವಾಗಿ ಏರಿಸುವುದು ಬೇಡ. ಅದರಿಂದ ಲಾಭ ಸಿಗಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬುವುದು, ಹೃದಯ ಮತ್ತೆ ನಿಲ್ಲುವುದು ಹೆಚ್ಚಾಯಿತು ಎಂಬುದು 2014ರಲ್ಲೇ ತಿಳಿದಿದೆ. ಇನ್ನು, ರೋಗಿ ಬರುವಾಗಲೇ ಸ್ವಲ್ಪ ತಣ್ಣಗಿದ್ದರೆ ಗಾಬರಿಯಿಂದ ಬಿಸಿ ಮಾಡಲು ಹೋಗಬೇಡಿ.

ಹಂತ 4: ನಡುಕವನ್ನು ಹುಡುಕಿ ಹಿಡಿಯಿರಿ

ನನ್ನ ಪ್ರಕಾರ ಇಡೀ ಚಿಕಿತ್ಸೆಯ ಜೀವಾಳ ಇಲ್ಲಿದೆ. ಹೊರಗಿನಿಂದ ತಂಪು ಮಾಡಿದಾಗ ದೇಹ ಸುಮ್ಮನಿರುವುದಿಲ್ಲ, ಸ್ನಾಯುಗಳನ್ನು ನಡುಗಿಸಿ ಬಿಸಿ ಹುಟ್ಟಿಸುತ್ತದೆ. ಆಗ ಆಮ್ಲಜನಕದ ಖರ್ಚು ಏರುತ್ತದೆ, ನಾವು ಯಾವುದನ್ನು ಉಳಿಸಹೊರಟೆವೋ ಅದೇ ಸೋರಿಹೋಗುತ್ತದೆ. ನಡುಕ ಮೊದಲು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುತ್ತದೆ. ಶುಶ್ರೂಷಕಿ ರೋಗಿಯ ದವಡೆ, ಕುತ್ತಿಗೆ, ಎದೆಯ ಮೇಲೆ ಅಂಗೈ ಇಟ್ಟರೆ ಚರ್ಮದಡಿ ಸಣ್ಣ ಗುಂಯ್‌ಗುಡುವಿಕೆ ತಿಳಿಯುತ್ತದೆ. ಇಸಿಜಿ ಗೆರೆಯೂ ಆಗ ಸಣ್ಣಗೆ ಅದುರುತ್ತಿರುತ್ತದೆ. ಅದು ತೋಳಿಗೆ ಹರಡಿದರೆ ಮಧ್ಯಮ, ಇಡೀ ಮೈ ನಡುಗಿದರೆ ತೀವ್ರ.

ಪರಿಹಾರದ ಮೊದಲ ಮೆಟ್ಟಿಲು ವಿಚಿತ್ರವೆನಿಸಬಹುದು: ಮೈ ತಂಪು ಮಾಡುತ್ತಲೇ ಅಂಗೈ, ಅಂಗಾಲು, ಮುಖ ಬೆಚ್ಚಗಿಡುವುದು. ಚಳಿಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ಚರ್ಮ. ಅದಕ್ಕೆ ಬೆಚ್ಚನೆಯ ಸುದ್ದಿ ಸಿಕ್ಕರೆ ನಡುಕ ತಗ್ಗುತ್ತದೆ. ನಂತರ ಮೆಗ್ನೀಸಿಯಂ, ಅರಿವಳಿಕೆ ಔಷಧಿಗಳು. ಸ್ನಾಯುಗಳನ್ನು ಪೂರ್ತಿ ಸಡಿಲಿಸುವ ಔಷಧಿ ಕೊನೆಗೆ. ಅದನ್ನು ಕೊಟ್ಟರೆ ಮಿದುಳಿನ ಸೆಳವು ಮೈಮೇಲೆ ಕಾಣುವುದೇ ಇಲ್ಲ, ಆದ್ದರಿಂದ ಮಿದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇಇಜಿ ಹಚ್ಚಿ ನೋಡುತ್ತಿರಬೇಕು.

ಹಂತ 5: ಯಂತ್ರದ ನೀರಿನ ಮೇಲೂ ಕಣ್ಣಿಡಿ

ಪರದೆ 37.2 ತೋರಿಸುತ್ತಿದೆ, ಎಲ್ಲ ಸರಿಯಿದೆ ಎನಿಸುತ್ತದೆ. ಆದರೆ ಅಷ್ಟಕ್ಕೆ ನಿಲ್ಲಿಸಲು ಯಂತ್ರ ತನ್ನ ನೀರನ್ನು ಇನ್ನಷ್ಟು, ಮತ್ತಷ್ಟು ತಣ್ಣಗೆ ಮಾಡಿಕೊಳ್ಳುತ್ತಿದ್ದರೆ ಒಳಗೆ ಜ್ವರ ಅಡಗಿದೆ ಎಂದೇ ಅರ್ಥ. ಇಂಥ ರೋಗಿಗಳಿಗೆ ನ್ಯುಮೋನಿಯಾ ಬರುವುದು ಸಾಮಾನ್ಯ. ಕಫ, ರಕ್ತ, ಎಕ್ಸ್‌ರೇ ಪರೀಕ್ಷೆಗೆ ಆಗಲೇ ಕಳುಹಿಸಬೇಕು.

ಹಂತ 6: ನಿಧಾನವಾಗಿ ಬೆಚ್ಚಗಾಗಿಸಿ

33 ಅಥವಾ 36ಕ್ಕೆ ಇಳಿಸಿದ್ದರೆ ಗಂಟೆಗೆ 0.25ರಿಂದ 0.5 ಡಿಗ್ರಿಯಷ್ಟೇ ಏರಿಸಬೇಕು. ತಂಪಿನಲ್ಲಿ ಕೋಶದೊಳಗೆ ಸೇರಿದ ಪೊಟ್ಯಾಸಿಯಂ ಬಿಸಿಯಾಗುತ್ತಿದ್ದಂತೆ ರಕ್ತಕ್ಕೆ ಮರಳುತ್ತದೆ. ಅವಸರ ಮಾಡಿದರೆ ಹೃದಯದ ಲಯ ತಪ್ಪಬಹುದು. ರಕ್ತನಾಳಗಳು ಹಿಗ್ಗಿ ರಕ್ತದೊತ್ತಡವೂ ಕುಸಿಯಬಹುದು. ಸಕ್ಕರೆ ಪ್ರಮಾಣವನ್ನೂ ಮತ್ತೆ ಮತ್ತೆ ನೋಡಬೇಕು. ಬೆಚ್ಚಗಾದ ಮೇಲೆ ಪುಟಿದೇಳುವ ಜ್ವರವನ್ನೂ ತಡೆಯಬೇಕು.

ಮನೆಯವರಿಗೆ

ರೋಗಿಯ ಕೈ ತಣ್ಣಗಿದೆಯೆಂದು ಕಂಬಳಿ ಹೊದಿಸಬೇಡಿ, ಮೊದಲು ಶುಶ್ರೂಷಕಿಯನ್ನು ಕೇಳಿ. ಕೈ ಹಿಡಿದು ಮಾತಾಡಬಹುದು. ‘ಏಳುತ್ತಾರೋ ಇಲ್ಲವೋ’ ಎಂಬ ಪ್ರಶ್ನೆಗೆ ಎರಡನೆಯ ದಿನವೇ ಉತ್ತರ ಸಿಗದಿದ್ದರೆ ವೈದ್ಯರು ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳಬೇಡಿ. ತಂಪಿನಲ್ಲಿ ಔಷಧಿಗಳು ದೇಹದಿಂದ ತಡವಾಗಿ ಹೊರಹೋಗುತ್ತವೆ. ಅರಿವಳಿಕೆಯ ಮಂಪರನ್ನು ಮಿದುಳಿನ ಹಾನಿಯೆಂದು ತಪ್ಪು ತಿಳಿಯುವ ಸಾಧ್ಯತೆ ಇರುತ್ತದೆ. ಕನಿಷ್ಠ 72 ಗಂಟೆ ಕಳೆದು, ಮಂಪರು ಪೂರ್ತಿ ಇಳಿದ ಮೇಲೆ ಕಣ್ಣಪಾಪೆಯ ಸ್ಪಂದನ, ಇಇಜಿ, ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲವನ್ನೂ ಕೂಡಿಸಿ ನೋಡಿಯೇ ವೈದ್ಯರು ಮುಂದಿನ ಮಾತು ಹೇಳುತ್ತಾರೆ. ಆಮೇಲೂ ಚಿತ್ರ ಸ್ಪಷ್ಟವಾಗದಿದ್ದರೆ ಇನ್ನೂ ಕೆಲವು ದಿನ ಕಾದು ಮತ್ತೆ ಪರೀಕ್ಷಿಸುತ್ತಾರೆ.