ಡಬ್ಬಿ ಬೇಡ, ಪುಡಿ ಇರಲಿ: ಚಾರಣಕ್ಕೆ ಶೇಂಗಾ ಪುಡಿ ಹೀಗೆ ಮಾಡಿ

ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಿನಲ್ಲೇ ನಡೆಯುವ ದಾರಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಚಾರಣಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು. ಗುಡ್ಡ ಹತ್ತಿ ಇಳಿದು ಅಘನಾಶಿನಿ ಊರು ಸೇರಬೇಕು. ಅಲ್ಲಿ ದೋಣಿ ಹತ್ತಿ ತದಡಿಗೆ ದಾಟಬೇಕು. ಆಮೇಲೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಅಂತ ಒಂದೊಂದೇ ಕಡಲತೀರ ಮುಗಿಸುತ್ತಾ ಗೋಕರ್ಣ. ಮೊದಲ ಸಲ ಹೋದಾಗ ನನ್ನ ಚೀಲದಲ್ಲಿ ಪೀನಟ್ ಬಟರ್ ಡಬ್ಬಿ ಇತ್ತು. ಮಧ್ಯಾಹ್ನದ ಬಿಸಿಲಿಗೆ ಎಣ್ಣೆ ಮೇಲೆ ಬಂತು. ಮುಚ್ಚಳದ ಸಂದಿಯಿಂದ ಇಳಿದು ಹೊದಿಕೆ, ಅಂಗಿ, ಟಾರ್ಚ್ ಎಲ್ಲಕ್ಕೂ ಹತ್ತಿತು. ಅದರ ಮೇಲೆ ಮರಳು ಅಂಟಿಕೊಂಡಿತು. ಆ ರಾತ್ರಿ ಹೊದ್ದುಕೊಳ್ಳಲು ಏನೂ ಉಳಿದಿರಲಿಲ್ಲ.

ಪೀನಟ್ ಬಟರ್ ಪುಡಿಯ ಬಗ್ಗೆ ತಿಳಿದದ್ದು ಆಮೇಲೆ. ಅಮೆರಿಕದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ದಿನಗಟ್ಟಲೆ ನಡೆಯುವವರು ಇದನ್ನು ಒಯ್ಯುತ್ತಾರೆ. ಅಲ್ಲಿ ಪಿಬಿ ಟು ಅನ್ನುವ ಬ್ರಾಂಡ್ ಹೆಸರುವಾಸಿ. ಈಗ ನಮ್ಮಲ್ಲೂ ಇಂಥ ಪುಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಚಮಚದಷ್ಟು ಪುಡಿಗೆ ನೀರು ಹಾಕಿ ಕಲಸಿದರೆ ಪೀನಟ್ ಬಟರ್ ರೆಡಿ. ಸೋರುವ ಮಾತೇ ಇಲ್ಲ. ಆದರೆ ಕೊಳ್ಳುವ ಮೊದಲು, ಮಾಡುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ.

ತೆಗೆದದ್ದು ನೀರಲ್ಲ, ಎಣ್ಣೆ

ಹಾಲಿನ ಪುಡಿ ಹಗುರ ಯಾಕೆ? ಹಾಲಿನಲ್ಲಿದ್ದ ನೀರು ಹೋಗಿರುತ್ತದೆ. ನೀರನ್ನು ದಾರಿಯಲ್ಲಿ ಸೇರಿಸಿಕೊಂಡರೆ ಹಾಲು ಮರಳಿ ಬರುತ್ತದೆ. ಪೀನಟ್ ಬಟರ್ ಪುಡಿಯೂ ಹಾಗೇ ಇರಬೇಕು ಅಂದುಕೊಳ್ಳುವವರು ಜಾಸ್ತಿ. ಅದು ಹಾಗಲ್ಲ. ಪೀನಟ್ ಬಟರ್‌ನಲ್ಲಿ ನೀರು ಇರುವುದೇ ತೀರಾ ಕಡಿಮೆ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಕಾರ್ಖಾನೆಯಲ್ಲಿ ಹುರಿದ ಶೇಂಗಾವನ್ನು ಯಂತ್ರದಲ್ಲಿ ಒತ್ತಿ ಆ ಎಣ್ಣೆಯ ಬಹುಪಾಲನ್ನು ತೆಗೆಯುತ್ತಾರೆ. ಉಳಿದ ಗಟ್ಟಿಯನ್ನು ಪುಡಿ ಮಾಡುತ್ತಾರೆ.

ಇದರಿಂದ ಏನಾಗುತ್ತದೆ ನೋಡಿ. 100 ಗ್ರಾಂ ಪೀನಟ್ ಬಟರ್‌ನಲ್ಲಿ ಸುಮಾರು 590 ಕ್ಯಾಲೊರಿ ಇದೆ. ಅಷ್ಟೇ ತೂಕದ ಎಣ್ಣೆ ತೆಗೆದ ಪುಡಿಯಲ್ಲಿ 400ರಿಂದ 450. ಪ್ರೋಟೀನ್ ಮಾತ್ರ ಹೆಚ್ಚು, 100 ಗ್ರಾಂಗೆ 45 ಗ್ರಾಂ ಆಸುಪಾಸು. ಮೈ ತೂಕ ಇಳಿಸಲು ನೋಡುವವರಿಗೆ ಇದು ಒಳ್ಳೆಯದೇ. ದಿನವಿಡೀ ಗುಡ್ಡ ಹತ್ತುವವರಿಗೆ ಬೇಕಾದದ್ದು ಕಸುವು, ಅಲ್ವಾ? ಬರೀ ಪುಡಿ ಹೊತ್ತರೆ ಅದೇ ತೂಕಕ್ಕೆ ಕಡಿಮೆ ಕಸುವು ಹೊತ್ತಂತೆ.

ಹಾಗಾಗಿ ಎಣ್ಣೆಯನ್ನು ಬೇರೆ ಬಾಟಲಿಯಲ್ಲಿ ಒಯ್ದು ತಿನ್ನುವಾಗ ಸೇರಿಸಬೇಕು. 60 ಗ್ರಾಂ ಪುಡಿಗೆ 40 ಗ್ರಾಂ ಎಣ್ಣೆ ಸೇರಿಸಿದರೆ 600 ಕ್ಯಾಲೊರಿ ದಾಟುತ್ತದೆ. ಅಂದರೆ ಕೊನೆಗೆ ತೂಕದಲ್ಲಿ ಉಳಿತಾಯ ಹೆಚ್ಚೇನೂ ಇಲ್ಲ. ಲಾಭ ಬೇರೆ ಕಡೆ ಇದೆ. ಸೋರುವ ಡಬ್ಬಿ ಬೇಕಿಲ್ಲ. ದಿನಕ್ಕೆ ಬೇಕಾದಷ್ಟೇ ಪೊಟ್ಟಣ ಕಟ್ಟಬಹುದು. ಗಂಜಿಗೆ, ಅವಲಕ್ಕಿಗೆ, ಕುಡಿಯುವ ನೀರಿಗೆ ಸುಲಭವಾಗಿ ಬೆರೆಯುತ್ತದೆ. ಬಾಯಿ ಒಣಗಿದಾಗ ಗಂಟಲಿಗೆ ಮೆತ್ತಿಕೊಳ್ಳುವುದಿಲ್ಲ.

ಅಂಗಡಿ ಪುಡಿ ತರುವುದಾದರೆ ಪ್ಯಾಕೆಟ್ಟಿನ ಹಿಂಭಾಗ ಓದಿ. ಕೆಲವದರಲ್ಲಿ ಸಕ್ಕರೆ, ಉಪ್ಪು ಮೊದಲೇ ಸೇರಿರುತ್ತದೆ.

ಮನೆಯಲ್ಲಿ ಮಾಡುವಾಗ

ಕಾರ್ಖಾನೆಯಷ್ಟು ಎಣ್ಣೆಯನ್ನು ಮನೆಯಲ್ಲಿ ತೆಗೆಯಲು ಆಗುವುದಿಲ್ಲ. ತರಿ ಮಾಡಿದ ಶೇಂಗಾವನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ರುಬ್ಬುಗುಂಡಿನ ಅಡಿ ಇಟ್ಟು ನೋಡಿದ್ದೇನೆ. ಬಟ್ಟೆಗೆ ಒಂದಿಷ್ಟು ಜಿಡ್ಡು ಹತ್ತಿತು, ಅಷ್ಟೇ. ಗಾಣದ ಹಿಂಡಿ ತಂದು ಪುಡಿ ಮಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ದಯವಿಟ್ಟು ಬೇಡ. ಅದು ದನಕ್ಕೆಂದು ಇಟ್ಟ ಹಿಂಡಿ. ಕಾಳು ಆರಿಸಿ ಹಾಕಿದ್ದಾರೋ ಇಲ್ಲವೋ, ಎಷ್ಟು ದಿನ ಎಲ್ಲಿ ಬಿದ್ದಿತ್ತೋ ನಮಗೆ ಗೊತ್ತಾಗುವುದಿಲ್ಲ.

ನಾನು ಹಿಡಿದ ದಾರಿ ಬೇರೆ. ಎಣ್ಣೆ ತೆಗೆಯುವ ಬದಲು, ಎಣ್ಣೆ ಹೀರುವ ಒಂದು ಪುಡಿಯನ್ನು ಜೊತೆಗೆ ಹಾಕುವುದು. ಅದಕ್ಕೆ ಪುಟಾಣಿ, ಅಂದರೆ ಹುರಿಗಡಲೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 400 ಗ್ರಾಂ ಶೇಂಗಾಕ್ಕೆ 200 ಗ್ರಾಂ ಪುಟಾಣಿ. ಇದರಲ್ಲಿ 100 ಗ್ರಾಂಗೆ ಸುಮಾರು 500 ಕ್ಯಾಲೊರಿ, 25 ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ. ನಾಲ್ಕು ಜನ ಎರಡು ದಿನ ನಡೆಯಲು ಇಷ್ಟು ಸಾಕು.

ಮೊದಲ ಕೆಲಸ ಆರಿಸುವುದು. ಇದನ್ನು ಅವಸರದಲ್ಲಿ ಮುಗಿಸಬೇಡಿ. ಶೇಂಗಾಕ್ಕೆ ತೇವ ತಾಗಿದರೆ ಒಂದು ಬಗೆಯ ಬೂಷ್ಟು ಹಿಡಿಯುತ್ತದೆ. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಲಿವರ್‌ಗೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಯಾವಾಗಲೂ ಇದ್ದೇ ಇರುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಬೆಳಕಿರುವ ಜಗಲಿಯಲ್ಲಿ ಕೂತು ಮೊರದಲ್ಲಿ ಹರಡಿ. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಹಸಿರು ಬಣ್ಣ ಕಂಡದ್ದು, ಮೊಳಕೆ ಒಡೆದದ್ದು, ಹುಳ ಕೊರೆದದ್ದು ಎಲ್ಲವನ್ನೂ ಬಿಸಾಡಿ. ಅನುಮಾನ ಬಂದ ಕಾಳನ್ನೂ ರುಚಿ ನೋಡದೆ ಬಿಸಾಡಿ.

ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. 400 ಗ್ರಾಂಗೆ 15ರಿಂದ 20 ನಿಮಿಷ ಬೇಕು. ಕೈ ನಿಲ್ಲಿಸಬಾರದು. ಉರಿ ಜೋರು ಮಾಡಿದರೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಹಸಿ ಉಳಿದ ಕಾಳಿನ ಪುಡಿ ಬೇಗ ಕೆಡುತ್ತದೆ. ಪಟಪಟ ಸದ್ದು ನಿಂತು ಘಮ ಬಂದ ಮೇಲೆ ಒಂದು ಕಾಳು ಒಡೆದು ನೋಡಿ. ಒಳಗಿನ ಬೇಳೆ ತಿಳಿ ಕಂದು ಬಣ್ಣಕ್ಕೆ ತಿರುಗಿರಬೇಕು. ಕೂಡಲೇ ಬಾಣಲೆಯಿಂದ ತಟ್ಟೆಗೆ ಸುರಿಯಿರಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಸೀಯುತ್ತದೆ. ಅದೇ ಬಾಣಲೆಯಲ್ಲಿ ಪುಟಾಣಿಯನ್ನೂ ಎರಡು ನಿಮಿಷ ಬೆಚ್ಚಗೆ ಮಾಡಿ.

ಪೂರ್ತಿ ತಣಿಯಲಿ. ಎರಡು ತಾಸು ಹೋದರೂ ಪರವಾಗಿಲ್ಲ. ಬಿಸಿ ಶೇಂಗಾ ಮಿಕ್ಸಿಗೆ ಹಾಕಿದರೆ ಸಿಗುವುದು ಮುದ್ದೆ. ಬೇಗ ತಣಿಯಲೆಂದು ಫ್ರಿಜ್ಜಿನಲ್ಲಿ ಇಡುವುದೂ ಬೇಡ. ಹೊರಗೆ ತೆಗೆದ ಕೂಡಲೇ ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ತಣಿದ ಮೇಲೆ ಅಂಗೈಯಲ್ಲಿ ಉಜ್ಜಿ ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರಿ.

ಮಿಕ್ಸಿ ಜಾರ್ ಒಣಗಿರಬೇಕು. ಒರೆಸಿದರೆ ಸಾಲದು, ಬಿಸಿಲಿಗೆ ಇಟ್ಟು ಒಣಗಿಸಿ. ಮೊದಲು ಪುಟಾಣಿಯೊಂದನ್ನೇ ನುಣ್ಣಗೆ ಪುಡಿ ಮಾಡಿ ತೆಗೆದಿಡಿ. ಆಮೇಲೆ ಎರಡು ಹಿಡಿ ಶೇಂಗಾ, ಒಂದು ಹಿಡಿ ಪುಟಾಣಿ ಪುಡಿ ಹಾಕಿ ಮೂರು ನಾಲ್ಕು ಸೆಕೆಂಡು ತಿರುಗಿಸಿ ನಿಲ್ಲಿಸಿ. ಜಾರ್ ಅಲುಗಿಸಿ. ಮತ್ತೆ ಮೂರು ಸೆಕೆಂಡು. ಬ್ಲೇಡಿನ ಬಿಸಿಗೆ ಶೇಂಗಾ ಎಣ್ಣೆ ಬಿಡುತ್ತದೆ, ಪುಟಾಣಿ ಪುಡಿ ಅದನ್ನು ಹೀರಿಕೊಳ್ಳುತ್ತದೆ. ಜಾರಿನ ತಳ ಕೈಗೆ ಬಿಸಿ ಅನಿಸಿದರೆ ಹತ್ತು ನಿಮಿಷ ಬಿಡಿ. ಜರಡಿ ಹಿಡಿದು, ಉಳಿದ ತರಿಯನ್ನು ಮುಂದಿನ ಸುತ್ತಿಗೆ ಸೇರಿಸಿ. ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಅದೇ ಹದ.

ಉಪ್ಪು, ಬೆಲ್ಲ, ಖಾರ

ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ನಮ್ಮ ಮನೆಗಳಲ್ಲಿ ಹಳೆಯ ಬಳಕೆ. ರುಚಿಗೆ ಅದರ ಸಮ ಇಲ್ಲ. ಆದರೆ ಇಂಥ ಕಡಲ ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಹಾಗೇ ಪುಡಿಗೆ ಬೆರೆಸಿದರೆ ಎರಡನೇ ದಿನಕ್ಕೆ ಗಂಟು. ಬಾಣಲೆಯಲ್ಲಿ ಚಟಪಟ ನಿಲ್ಲುವ ತನಕ ಹುರಿದು ಪುಡಿ ಮಾಡಿ, ಸಣ್ಣ ಪೊಟ್ಟಣದಲ್ಲಿ ಬೇರೆಯೇ ಒಯ್ಯಿರಿ. ಬೆಲ್ಲಕ್ಕೂ ಇದೇ ಮಾತು. ಶಿರಸಿ ಕಡೆಯ ಜೋನಿ ಬೆಲ್ಲ, ಅಂದರೆ ನೀರಾಗಿ ಹರಿಯುವ ಬೆಲ್ಲ, ಶೇಂಗಾಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಯಾಣದಂತೆ ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗಕ್ಕೆ ಪುಟ್ಟ ಬಾಟಲಿಯಲ್ಲಿ ಒಯ್ಯಬಹುದು. ಎರಡು ದಿನದ ನಡಿಗೆಗೆ ಒಣ ಬೆಲ್ಲದ ಪುಡಿಯೇ ಸರಿ.

ಸಿಹಿ ಬೇಡವಾದರೆ ಅರ್ಧ ಪುಡಿಗೆ ಹುರಿದ ಸೂಜಿಮೆಣಸು ಎರಡು ಮೂರು, ಸ್ವಲ್ಪ ಜೀರಿಗೆ ಸೇರಿಸಿ ಅರೆಯಿರಿ. ಒಣ ಮುರುಗಲ (ಕೋಕಂ) ಸಿಪ್ಪೆಯನ್ನು ಹಾಗೇ ಜೊತೆಗಿಟ್ಟುಕೊಳ್ಳಿ. ಬಿಸಿ ಗಂಜಿಗೆ ಒಂದು ಸಿಪ್ಪೆ, ಎರಡು ಚಮಚ ಖಾರದ ಪುಡಿ ಹಾಕಿದರೆ ಬೇರೇನೂ ಬೇಡ.

ಕಟ್ಟುವುದು

ಮಧ್ಯಾಹ್ನ, ಬಿಸಿಲು ಚುರುಕಾಗಿರುವಾಗ ಕಟ್ಟಿ. ರಾತ್ರಿ ಅಥವಾ ಇಬ್ಬನಿ ಇರುವ ಬೆಳಿಗ್ಗೆ ಬೇಡ. ಒಬ್ಬರಿಗೆ ಒಂದು ದಿನಕ್ಕೆ 60ರಿಂದ 70 ಗ್ರಾಂ ಲೆಕ್ಕದಲ್ಲಿ ಜಿಪ್ ಚೀಲಗಳಿಗೆ ತುಂಬಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಒಂದೇ ದೊಡ್ಡ ಚೀಲ ಮಾಡಿದರೆ ತೆರೆದಾಗಲೆಲ್ಲ ಕಡಲ ಗಾಳಿ ಎಲ್ಲಕ್ಕೂ ತಾಗುತ್ತದೆ. ಎಲ್ಲ ಪೊಟ್ಟಣಗಳನ್ನೂ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಇರುವೆ, ಮಂಗ ಎರಡಕ್ಕೂ ಇದೇ ತಡೆ. ಮಾಡಿದ ದಿನಾಂಕ ಬರೆಯಿರಿ. ಎಣ್ಣೆ ಅಂಶ ಇರುವುದರಿಂದ 15 ದಿನದೊಳಗೆ ಮುಗಿಸುವುದು ನನ್ನ ರೂಢಿ. ಕಮಟು ವಾಸನೆ ಬಂದರೆ ತಿನ್ನಬೇಡಿ.

ಎಣ್ಣೆಗೆ ನಮ್ಮ ಕೊಬ್ಬರಿ ಎಣ್ಣೆಯೇ ಇದೆ. 24 ಡಿಗ್ರಿ ಆಸುಪಾಸಿನಲ್ಲಿ ಅದು ಕರಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಶಿರಸಿಯಿಂದ ಹೊರಡುವಾಗ ಬೆಣ್ಣೆಯಂತೆ ಗಟ್ಟಿ ಇದ್ದದ್ದು, ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ನೀರಾಗಿರುತ್ತದೆ. ಹಾಗಾಗಿ ಅಗಲ ಬಾಯಿಯ ಸಣ್ಣ ತಿರುಪು ಬಾಟಲಿ, ಅದಕ್ಕೊಂದು ಪ್ಲಾಸ್ಟಿಕ್ ಚೀಲ, ಬೆನ್ನಿನ ಚೀಲದ ಹೊರ ಜೇಬಿನಲ್ಲಿ ಜಾಗ.

ದಾರಿಯಲ್ಲಿ ಕಲಸುವುದು

ಲೋಟಕ್ಕೆ ಮೊದಲು ಪುಡಿ. ಆಮೇಲೆ ಕುದಿಸಿದ ಅಥವಾ ಶುದ್ಧ ಮಾಡಿದ ನೀರು, ಒಂದೊಂದೇ ಚಮಚ. ಮೊದಲು ಗಟ್ಟಿ ಹಿಟ್ಟಿನಂತೆ ಆಗುತ್ತದೆ, ಇನ್ನೊಂದು ಚಮಚಕ್ಕೆ ಸಡಿಲವಾಗುತ್ತದೆ. ಒಮ್ಮೆಲೇ ನೀರು ಸುರಿದರೆ ಗಂಟು ಬಿಡಿಸುವುದು ಕಷ್ಟ. ಎರಡು ನಿಮಿಷ ನೆನೆಯಲು ಬಿಟ್ಟು ಕೊನೆಗೆ ಎಣ್ಣೆ. ಮನೆಯ ಪುಡಿಗೆ ಒಬ್ಬರಿಗೆ ದಿನಕ್ಕೆ ಒಂದು ದೊಡ್ಡ ಚಮಚ ಎಣ್ಣೆ ಸಾಕು, ಅದೇ ಸುಮಾರು 120 ಕ್ಯಾಲೊರಿ. ಅಂಗಡಿ ಪುಡಿಗೆ ಮೇಲೆ ಹೇಳಿದ ಲೆಕ್ಕದಲ್ಲಿ ಜಾಸ್ತಿ ಬೇಕು.

ಪುಡಿ ಒಯ್ಯುವವರಿಗೆ ನೀರಿನ ಲೆಕ್ಕವೂ ಇರಬೇಕು. ಪ್ಯಾರಡೈಸ್‌ನಿಂದ ಹಾಫ್ ಮೂನ್ ಕಡೆಗೆ ಬಂಡೆಗಳ ದಾರಿಯಲ್ಲಿ ಕುಡಿಯುವ ನೀರು ಸಿಗುತ್ತದೆಂದು ನಂಬಿ ಹೋಗಬೇಡಿ. ಆ ಹೊತ್ತಿನ ಪಾಲನ್ನು ತದಡಿಯಲ್ಲೇ ಕಲಸಿ ಚಪಾತಿಯಲ್ಲಿ ಸುತ್ತಿಟ್ಟುಕೊಳ್ಳಿ. ನೀರು ಸೇರಿದ ಮೇಲೆ ಅದು ಅಡುಗೆ ಇದ್ದಂತೆ, ಬಿಸಿಲಲ್ಲಿ ಒಂದು ತಾಸಿಗಿಂತ ಜಾಸ್ತಿ ಇಡಬಾರದು.

ಇನ್ನೊಂದು ಮಾತು, ಇದನ್ನು ಹೊರಡುವ ಮೊದಲೇ ಮಾಡಿ. ಜೊತೆಗೆ ಬರುವ ಪ್ರತಿಯೊಬ್ಬರನ್ನೂ ಶೇಂಗಾ ಅಲರ್ಜಿ ಇದೆಯೇ ಎಂದು ಕೇಳಿ. ಕೆಲವರಿಗೆ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಗುಡ್ಡದ ನಡುವೆ ಆಸ್ಪತ್ರೆ ದೂರ. ಒಬ್ಬರು ಹೌದು ಅಂದರೂ ಆ ಸಲ ಶೇಂಗಾ ಮನೆಯಲ್ಲೇ ಇರಲಿ, ಪುಟಾಣಿ ಪುಡಿಗೆ ಬೆಲ್ಲ, ಒಣ ಕೊಬ್ಬರಿ ಸೇರಿಸಿ ಒಯ್ಯಿರಿ. ಆ ಪುಡಿಯನ್ನು ಶೇಂಗಾ ಮುಟ್ಟದ ಬಾಣಲೆ, ಜಾರ್‌ನಲ್ಲೇ ಮಾಡಿ.