ಹಾಸ್ಪೈಸ್ ರೋಗಿಗಳ ಮನೆಗೆ ಫೋನ್ ಮಾಡುವ ಹೊಸಬರಿಗೆ

ಹಾಸ್ಪೈಸ್ ಅಂದರೆ ಗುಣವಾಗದ ಕಾಯಿಲೆಯವರಿಗೆ ಕೊನೆಗಾಲದಲ್ಲಿ ಕೊಡುವ ಆರೈಕೆ. ಮನೆಯಲ್ಲೇ ಆ ಆರೈಕೆ ಪಡೆಯುತ್ತಿರುವ ಕ್ಯಾನ್ಸರ್ ರೋಗಿಗಳಿಗೆ ಫೋನ್ ಮಾಡುವ ಮುಂಚೆ ನರ್ಸ್ ಬರೆದಿಟ್ಟ ಕೊನೆಯ ವಿವರ ನೋಡಿ. ರೋಗಿ ನಿನ್ನೆ ರಾತ್ರಿ ತೀರಿಹೋಗಿರಬಹುದು. ಆಗ "ಅಜ್ಜಿ ಹೇಗಿದ್ದಾರೆ?" ಅಂದರೆ ಆ ಮಾತು ವಾಪಸ್ ತಗೊಳ್ಳೋಕೆ ಆಗಲ್ಲ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕಾಯಿಲೆ ಏನೆಂದು ರೋಗಿಗೇ ಹೇಳಿರುವುದಿಲ್ಲ. ಫೋನ್ ಸ್ಪೀಕರ್‌ನಲ್ಲೂ ಇರಬಹುದು, ಅಲ್ವಾ? ಕ್ಯಾನ್ಸರ್ ಅನ್ನೋ ಮಾತು ನೀವಾಗಿ ಎತ್ತಬೇಡಿ.

"ಹೇಗಿದ್ದೀರಿ" ಅಂದರೆ "ಹೂಂ, ಪರವಾಗಿಲ್ಲ" ಅಂತಾರೆ, ಅಷ್ಟೇ. ಅದರ ಬದಲು ರಾತ್ರಿ ನಿದ್ದೆ ಬಂತಾ, ನೋವಿಗೆ ಕೊಟ್ಟ ಮಾರ್ಫಿನ್ ಮಾತ್ರೆ ಎಷ್ಟು ಉಳಿದಿದೆ, ಮೋಷನ್ ಆಗಿ ಎಷ್ಟು ದಿನವಾಯಿತು ಅಂತ ಕೇಳಿ. ಮಾರ್ಫಿನ್ ತಗೊಳ್ಳುವವರಿಗೆ ಮಲಬದ್ಧತೆ ಜಾಸ್ತಿ. ಮುಜುಗರಕ್ಕೆ ಯಾರೂ ತಾವಾಗಿ ಹೇಳುವುದಿಲ್ಲ. ಡೋಸ್ ಬಗ್ಗೆ ಮಾತ್ರ ನೀವೇನೂ ಹೇಳಬೇಡಿ, ಅವರು ಹೇಳಿದ್ದನ್ನು ಅದೇ ದಿನ ನರ್ಸ್‌ಗೆ ತಿಳಿಸಿ.

ರೋಗಿಯನ್ನು ನೋಡಿಕೊಳ್ಳುವ ಸೊಸೆಯನ್ನೋ ಹೆಂಡತಿಯನ್ನೋ "ನಿಮ್ಮ ಊಟ ಆಯ್ತಾಮ್ಮಾ?" ಅಂತ ಕೇಳಿ. ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. "ಎಲ್ಲಾ ಸರಿಹೋಗುತ್ತೆ" ಅನ್ನೋದು ಬೇಡವೇ ಬೇಡ.

ಸಾವಾದ ಮನೆಗೂ ಒಂದು ಫೋನ್ ಇರಲಿ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮಾಡಿ, ಅದಕ್ಕೂ ಮುಂಚೆ ಅವರಿಗೆ ಪುರುಸೊತ್ತಿರುವುದಿಲ್ಲ.